ಮೀನು ಸಾಕುವ ಮೊದಲು ನೀರು ಸಾಕಿ

ಕಳೆದ ತಿಂಗಳು ಕಲ್ಯಾಣದಿಂದ ನಮ್ಮ ಸಂಬಂಧಿಕರ ಹುಡುಗನೊಬ್ಬ ಫೋನ್ ಮಾಡಿದ. ಹೊಸ ಫ್ಲ್ಯಾಟು ತಗೊಂಡಿದ್ದಾನೆ, ಗೃಹಪ್ರವೇಶಕ್ಕೆ ಇನ್ನು ಹದಿನೈದು ದಿನ. ಆಮಂತ್ರಣ ಹೇಳಿ ಮುಗಿಸಿ, "ಮಾವ, ಹಾಲಿನಲ್ಲಿ ಒಂದು ರೀಫ್ ಟ್ಯಾಂಕ್ ಇಡ್ಬೇಕು ಅಂತಿದ್ದೇನೆ. ಉಪ್ಪು ನೀರಿಂದು. ಹವಳ, ನೀಮೋ, ಡೋರಿ ಎಲ್ಲ ಇರ್ಬೇಕು. ಗೃಹಪ್ರವೇಶಕ್ಕೆ ಬಂದವರು ನೋಡಿ ಬಾಯಿ ಬಿಡ್ಬೇಕು. ನಿಮಗೆ ಗೊತ್ತಲ್ಲ ಇದೆಲ್ಲ, ಎಷ್ಟು ದಿನದಲ್ಲಿ ರೆಡಿ ಆಗ್ತದೆ?" ಅಂದ.

ನಾನು ಪ್ರಾಮಾಣಿಕವಾಗಿ, "ಮೂರು ತಿಂಗಳು. ಅದೂ ಹವಳ ಇಲ್ಲದೆ" ಅಂದೆ.

ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ, "ಅಂಗಡಿಯವನು ಮೂರು ದಿನ ಅಂದ" ಅಂದ. ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ಮೂರು ದಿನದಲ್ಲಿ ಟ್ಯಾಂಕ್ ಇಡಬಹುದು, ನೀರು ತುಂಬಿಸಬಹುದು, ಮೀನೂ ಬಿಡಬಹುದು. ಗೃಹಪ್ರವೇಶದ ದಿನ ಎಲ್ಲರೂ ಬಾಯಿ ಬಿಡುತ್ತಾರೆ. ಅದಾಗಿ ವಾರದಲ್ಲಿ ಮೀನುಗಳೂ ಬಾಯಿ ಬಿಡುತ್ತವೆ, ಅಷ್ಟೇ :)

ಹುಡುಗ ಸ್ವಲ್ಪ ಮುನಿಸಿಕೊಂಡೇ ಫೋನ್ ಇಟ್ಟ. ಅವನಿಗೆ ಫೋನಿನಲ್ಲಿ ಹೇಳಲು ಆಗದೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿ ಕಡೆ ನಮ್ಮವರು ಈಗ ದೊಡ್ಡ ದೊಡ್ಡ ಫ್ಲ್ಯಾಟುಗಳಿಗೆ ಹೋಗುತ್ತಿದ್ದಾರೆ. ಹಾಲಿನಲ್ಲಿ ಸಮುದ್ರ ಇಡುವ ಆಸೆ ಅವನೊಬ್ಬನದೇ ಅಲ್ಲ ಅಂತ ಗೊತ್ತು. ನನ್ನದೂ ಇತ್ತು.

ಮೊದಲು ನನ್ನ ಪಾಪ ಹೇಳಿಕೊಂಡುಬಿಡುತ್ತೇನೆ. ಸಿಹಿ ನೀರಿನಲ್ಲಿ ಗಪ್ಪಿ, ಏಂಜೆಲ್ ಅಂತ ಸಾಕಿ ಸಾಕಿ ನನಗೆ ಸ್ವಲ್ಪ ಧಿಮಾಕು ಬಂದಿತ್ತು. ಉಪ್ಪು ನೀರು ಅಂದರೇನು, ಉಪ್ಪು ಹಾಕಿದ ನೀರು ತಾನೇ ಅಂದುಕೊಂಡೆ. ಟ್ಯಾಂಕ್ ಇಟ್ಟ ಆರನೇ ದಿನಕ್ಕೆ ನೀಲಿ ಬಣ್ಣದ ಒಂದು ರೀಗಲ್ ಟ್ಯಾಂಗ್ ತಂದೆ. ಸಿನಿಮಾದ ಡೋರಿ ಅದೇ. ಎಂಥಾ ನೀಲಿ ಅಂತೀರಿ! ಮಗಳು ಶಾಲೆಯಿಂದ ಬಂದವಳು ಬ್ಯಾಗೂ ಇಳಿಸದೆ ಟ್ಯಾಂಕಿನ ಮುಂದೆ ಕೂತಳು. ಒಂಬತ್ತನೇ ದಿನ ಅದು ಮೂಲೆಯಲ್ಲಿ ನಿಂತು ದಡಬಡ ಉಸಿರಾಡತೊಡಗಿತು. ಹತ್ತನೇ ದಿನ ಬೆಳಿಗ್ಗೆ ಮಗಳು ಏಳುವ ಮೊದಲೇ ಎತ್ತಿ ಬಿಸಾಡಿದೆ. "ಅಂಗಡಿಗೆ ವಾಪಸ್ ಕೊಟ್ಟೆ" ಅಂತ ಸುಳ್ಳು ಹೇಳಿದೆ. ಅವಳು ನಂಬಲಿಲ್ಲ ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು.

ಆ ಮೀನಿನ ಬಗ್ಗೆ ನಾನು ಓದಿಕೊಂಡದ್ದು ಅದು ಸತ್ತ ಮೇಲೆ. ಅದು ಬೆಳೆದರೆ ಸುಮಾರು ಒಂದು ಅಡಿ ಉದ್ದ ಆಗುತ್ತದೆ. ನನ್ನ ಟ್ಯಾಂಕ್ ಇದ್ದದ್ದೇ ಎರಡು ಅಡಿ! ಅದನ್ನು ಮನುಷ್ಯರು ಮೊದಲ ಬಾರಿಗೆ ಮೊಟ್ಟೆಯಿಂದ ದೊಡ್ಡದು ಮಾಡಿದ್ದು 2016ರಲ್ಲಿ, ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ. ಅಂದರೆ ನಾನು ತಂದದ್ದು ಖಂಡಿತ ಯಾವುದೋ ನಿಜವಾದ ಹವಳದ ಬಂಡೆಯಿಂದ ಹಿಡಿದು ತಂದ ಮೀನು. ಸಾವಿರಾರು ಮೈಲಿ ದಾಟಿ ಬಂದದ್ದನ್ನು ನಾನು ನಾಲ್ಕು ದಿನದಲ್ಲಿ ಮುಗಿಸಿದ್ದೆ. ಅಂಗಡಿಯವನನ್ನು ಬೈದು ಪ್ರಯೋಜನ ಇಲ್ಲ, ತಪ್ಪು ನನ್ನದು.

ಏನು ತಪ್ಪು? ನಮ್ಮ ಹೆಂಗಸರಿಗೆಲ್ಲ ಗೊತ್ತಿರುವ ವಿಷಯ ನನಗೆ ಗೊತ್ತಿರಲಿಲ್ಲ: ಹೆಪ್ಪು ಹಾಕದೆ ಮೊಸರಾಗುವುದಿಲ್ಲ.

ಮೀನು ಉಸಿರಾಡುವಾಗ, ಹೇತಾಗ, ತಿನ್ನದೆ ಬಿಟ್ಟ ಆಹಾರ ಕೊಳೆತಾಗ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿ ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಕೆಡುಕಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾಗಳು ಕಲ್ಲು, ಮರಳು, ಫಿಲ್ಟರಿನ ಮೇಲೆ ಮನೆ ಮಾಡಿಕೊಂಡು ಸಾಕಷ್ಟು ಸಂಖ್ಯೆಗೆ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆ ಆರು ವಾರ ಟ್ಯಾಂಕಿನಲ್ಲಿ ಮೀನು ಇರಬಾರದು. ಸ್ವಲ್ಪ ಅಮೋನಿಯಾ ಹಾಕಿ, ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿ, ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್ಟಿನಲ್ಲಿ ಅಳೆಯುತ್ತಾ ಕೂರಬೇಕು. ಹಾಕಿದ ಅಮೋನಿಯಾ ಒಂದು ದಿನದೊಳಗೆ ಸೊನ್ನೆಯಾಗಿ, ನೈಟ್ರೈಟೂ ಸೊನ್ನೆಯಾಗಿ, ನೈಟ್ರೇಟ್ ಕಾಣಿಸಿಕೊಂಡರೆ ಮೊಸರು ಗಟ್ಟಿಯಾಯಿತು ಅಂತ ಅರ್ಥ. ಆಗ ಒಂದು ಮೀನು. ಎರಡು ವಾರ ಬಿಟ್ಟು ಇನ್ನೊಂದು.

ಇದನ್ನೇ ನಾನು ನೀರು ಸಾಕುವುದು ಅನ್ನುವುದು. ನೀರು ಚೆನ್ನಾಗಿದ್ದರೆ ಮೀನು ತಾನಾಗಿ ಬದುಕಿಕೊಳ್ಳುತ್ತದೆ. ನೀರು ಕೆಟ್ಟರೆ ಯಾವ ಔಷಧವೂ ಉಳಿಸುವುದಿಲ್ಲ.

ಇನ್ನು ನೀರು ಎಲ್ಲಿಂದ ತರುವುದು? ಬೈಂದೂರು ಕಡೆಯ ನಮ್ಮ ದೊಡ್ಡಪ್ಪನಿಗೆ ಈ ವಿಷಯ ತಿಳಿದಾಗ ಅವರು, "ಅದಕ್ಕೆಂತ ಅಷ್ಟು ತಲೆಬಿಸಿ ಮಾರಾಯ, ಒಂದು ಕ್ಯಾನ್ ಸಮುದ್ರದ ನೀರು ಮತ್ಸ್ಯಗಂಧಾದಲ್ಲಿ ಕಳಿಸ್ತೆ" ಅಂದಿದ್ದರು. (ಮೀನಿನ ನೀರು ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿನಲ್ಲಿ! ಇದಕ್ಕಿಂತ ಒಳ್ಳೆಯ ಜೋಡಿ ಉಂಟೇ?) ಆದರೆ ಒಂದು ಕ್ಯಾನಿನಿಂದ ಆಗುವುದಿಲ್ಲ, ವಾರ ವಾರ ಬೇಕು. ಮಳೆಗಾಲದಲ್ಲಿ ಹೊಳೆ ನೀರು ಸೇರಿ ದಡದ ಸಮುದ್ರದ ಉಪ್ಪು ಇಳಿದಿರುತ್ತದೆ. ಮುಂಬಯಿ ಕಿನಾರೆಯ ನೀರಿನ ಮಾತಂತೂ ಬೇಡ. ಠಾಣೆ ಖಾಡಿ ನೋಡಲು ಎಷ್ಟೇ ಚಂದ ಇರಲಿ, ಅಲ್ಲಿನ ಫ್ಲೆಮಿಂಗೊ ಅಭಯಾರಣ್ಯ 2022ರಲ್ಲಿ ರಾಮ್ಸಾರ್ ತಾಣವಾಗಿರಲಿ, ಆ ಕೆಸರು ನೀರು ಫ್ಲೆಮಿಂಗೊಗಳಿಗೇ ಇರಲಿ.

ಹಾಗಾಗಿ ಸಿಂಥೆಟಿಕ್ ಉಪ್ಪು ಕೊಂಡು ನಾವೇ ಸಮುದ್ರ ಕಲಸಬೇಕು. ಲೀಟರಿಗೆ ಸುಮಾರು 35 ಗ್ರಾಂ. ಅಳತೆ ಮಾಡಿದರೆ ಸಾಂದ್ರತೆ 1.025ರ ಹತ್ತಿರ ಬರಬೇಕು. ಅಡಿಗೆ ಉಪ್ಪು ನಡೆಯುವುದಿಲ್ಲ, ಸಮುದ್ರದಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಲೆಕ್ಕದ ಪ್ರಕಾರ ಇದೆ.

ಕಲಸಲು ನಲ್ಲಿ ನೀರೂ ನಡೆಯುವುದಿಲ್ಲ. ನಮ್ಮ ಕಡೆ ಬಾರ್ವಿ ಅಣೆಕಟ್ಟು, ಉಲ್ಹಾಸ ನದಿಯ ನೀರು. ನವಿ ಮುಂಬಯಿಗೆ ಮೋರ್ಬೆ ಅಣೆಕಟ್ಟಿನದು. ಕುಡಿಯಲು ಅಡ್ಡಿಯಿಲ್ಲ. ಆದರೆ ಕ್ಲೋರಿನ್, ಹಳೆ ಪೈಪು ಮತ್ತು ಬಿಲ್ಡಿಂಗಿನ ಟಾಕಿಯಿಂದ ಬರುವ ಲೋಹದ ಅಂಶ, ಫಾಸ್ಫೇಟು ಇವೆಲ್ಲ ಸಮುದ್ರ ಜೀವಿಗಳಿಗೆ ಆಗಿಬರುವುದಿಲ್ಲ. "ನಮ್ಮನೆಯಲ್ಲಿ ಆರ್‌ಓ ಉಂಟಲ್ಲ" ಅನ್ನುತ್ತೀರಿ. ಆ ಆರ್‌ಓಗಳಲ್ಲಿ ಹೆಚ್ಚಿನವು ರುಚಿಗೆಂದು ಮತ್ತೆ ಸ್ವಲ್ಪ ಖನಿಜ ಬೆರೆಸಿ ಕೊಡುತ್ತವೆ. ಟ್ಯಾಂಕಿಗೆ ಟಿಡಿಎಸ್ ಸೊನ್ನೆ ಇರುವ ನೀರು ಬೇಕು, ಅದಕ್ಕೆ ಡಿಐ ಅನ್ನುವ ಇನ್ನೊಂದು ಹಂತ ಜೋಡಿಸಬೇಕು. ಮತ್ತೆ ಒಂದು ಲೀಟರ್ ಶುದ್ಧ ನೀರು ಬರುವಾಗ ಎರಡು ಮೂರು ಲೀಟರ್ ಆಚೆ ಹರಿಯುತ್ತದೆ. ವಾರಕ್ಕೆರಡು ದಿನ ನೀರು ಬಂದ್ ಇರುವ ಊರುಗಳಲ್ಲಿ ಅದನ್ನು ಚರಂಡಿಗೆ ಬಿಡುವುದು ಪಾಪ. ನಾವು ಬಕೆಟಿನಲ್ಲಿ ಹಿಡಿದು ನೆಲ ಒರೆಸಲು, ಸಂಡಾಸಿಗೆ ಬಳಸುತ್ತೇವೆ.

ಇನ್ನೊಂದು ತಮಾಷೆ ಕೇಳಿ. ಟ್ಯಾಂಕಿನಿಂದ ದಿನಾ ಒಂದೆರಡು ಲೀಟರ್ ನೀರು ಆವಿಯಾಗುತ್ತದೆ. ನೀರು ಹೋಗುತ್ತದೆಯೇ ಹೊರತು ಉಪ್ಪು ಹೋಗುವುದಿಲ್ಲ. ಆದ್ದರಿಂದ ಮೇಲಿಂದ ತುಂಬಿಸುವುದು ಬರೀ ಶುದ್ಧ ಸಿಹಿ ನೀರು. ಒಮ್ಮೆ ಐದು ದಿನಕ್ಕೆ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ದಿನಾ ಒಂದು ಬಾಟಲಿ ನೀರು ಹಾಕಿ ಅಂತ ಹೇಳಿ ಹೋಗಿದ್ದೆ. ಪಾಪ, ಅವರು ಶ್ರದ್ಧೆಯಿಂದ ಹಾಕಿದರು. ಜೊತೆಗೆ ದಿನಾ ಒಂದು ಚಮಚ ಅಡಿಗೆ ಉಪ್ಪನ್ನೂ ಹಾಕಿದರು. "ಉಪ್ಪು ನೀರಿನ ಮೀನಲ್ವಾ, ಸಪ್ಪೆ ಆಗಬಾರದು ಅಂತ" ಅಂದರು. ಅವರ ಪ್ರೀತಿಗೆ ಏನು ಹೇಳುವುದು! ಮೀನು ಹೇಗೋ ಬದುಕಿಕೊಂಡಿತು. ಅಂದಿನಿಂದ ತಾನೇ ನೀರು ಬಿಡುವ ಒಂದು ಸಣ್ಣ ಪಂಪು ಇಟ್ಟುಕೊಂಡಿದ್ದೇನೆ.

ನೀರಾಯಿತು, ಇನ್ನು ಬಿಸಿಲು. ಹಡಗಿನಲ್ಲಿ ಬರುವ ಪುಸ್ತಕಗಳೆಲ್ಲ ಚಳಿದೇಶದವರು ಬರೆದದ್ದು, ಹೀಟರ್ ಹೇಗಿಡಬೇಕು ಅಂತ ನಾಲ್ಕು ಪುಟ ಇರುತ್ತದೆ. ನಮಗೆ ಬೇಕಾದ್ದು ತದ್ವಿರುದ್ಧ. ರೀಫ್ ಟ್ಯಾಂಕ್ ಅಂದರೆ 24ರಿಂದ 27 ಡಿಗ್ರಿ ಇರಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಕಲ್ಯಾಣ-ಡೊಂಬಿವಲಿ ಹೇಗೆ ಕಾದಿರುತ್ತದೆ ಅಂತ ಸಂಜೆ ಲೋಕಲ್ಲಿನಿಂದ ಇಳಿದವರನ್ನು ಕೇಳಿ. ನೀರಿನ ಮೇಲೆ ಫ್ಯಾನ್ ಬಿಟ್ಟರೆ ಆವಿಯಾಗಿ ಎರಡು ಮೂರು ಡಿಗ್ರಿ ಇಳಿಯುತ್ತದೆ ನಿಜ. ಆದರೆ ಅದು ಒಣ ಹವೆಯ ಆಟ. ಜೂನಿನಿಂದ ಸಪ್ಟೆಂಬರ್ ತನಕ ಬಟ್ಟೆಯೇ ಒಣಗದ ನಮ್ಮ ಕಡೆ ನೀರೆಲ್ಲಿ ಆವಿಯಾಗುತ್ತದೆ? ಹಾಗಾಗಿ ಒಂದೋ ಚಿಲ್ಲರ್, ಇಲ್ಲವೇ ಆ ಕೋಣೆಗೆ ಏಸಿ.

ಕರೆಂಟಿನ ಲೆಕ್ಕ ನಾನೇ ಹಾಕಿದ್ದು: 90 ವ್ಯಾಟಿನ ಲೈಟು ದಿನಕ್ಕೆ 8 ಗಂಟೆ, 30 ವ್ಯಾಟಿನ ಪಂಪುಗಳು 24 ಗಂಟೆ, 200 ವ್ಯಾಟಿನ ಚಿಲ್ಲರ್ ಅರ್ಧ ದಿನ. ಎಲ್ಲ ಕೂಡಿಸಿದರೆ ದಿನಕ್ಕೆ ಸುಮಾರು 3.8 ಯೂನಿಟ್, ತಿಂಗಳಿಗೆ 115. ಮನೆಯ ಖರ್ಚಿನ ಮೇಲೆ ಇದು ಸೇರಿದಾಗ ಬಿಲ್ಲಿನ ಮೆಟ್ಟಿಲೂ ಏರುತ್ತದೆ, 100 ಯೂನಿಟ್ ದಾಟಿದ್ದಕ್ಕೆ ದರವೇ ಬೇರೆ. ಗಾಜಿನ ಟ್ಯಾಂಕು ಇಡೀ ವ್ಯವಹಾರದಲ್ಲಿ ಅತಿ ಅಗ್ಗದ ವಸ್ತು. ಆನೆ ತಗೊಳ್ಳುವುದು ಸುಲಭ, ಮೇವು ಹಾಕುವುದು ಕಷ್ಟ ಅಂತಾರಲ್ಲ, ಇಲ್ಲಿ ಮೇವೇ ಕರೆಂಟು.

ಮತ್ತೆ ಆ ಕರೆಂಟು ಹೋದರೆ? 2005ರ ನಂತರದ ವರ್ಷಗಳಲ್ಲಿ ಇಲ್ಲಿದ್ದವರಿಗೆ ಲೋಡ್ ಶೆಡ್ಡಿಂಗ್ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಈಗ ಹಾಗಿಲ್ಲ. ಆದರೂ 2020ರ ಅಕ್ಟೋಬರ್ 12ರಂದು ಗ್ರಿಡ್ ಬಿದ್ದು ಮುಂಬಯಿ, ಠಾಣೆ, ನವಿ ಮುಂಬಯಿ ಎಲ್ಲ ಒಟ್ಟಿಗೆ ಕತ್ತಲಾದದ್ದು, ಲೋಕಲ್ಲುಗಳು ಹಳಿಯ ಮೇಲೇ ನಿಂತದ್ದು ನೆನಪಿರಬಹುದು. ಪಂಪ್ ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ಉಪ್ಪು ನೀರಿನಲ್ಲಿ, ಅದೂ ಬಿಸಿ ನೀರಿನಲ್ಲಿ, ಆಮ್ಲಜನಕ ಮೊದಲೇ ಕಮ್ಮಿ. ಬ್ಯಾಟರಿಯಲ್ಲಿ ನಡೆಯುವ ಒಂದು ಸಣ್ಣ ಏರ್ ಪಂಪು ಚಿಲ್ಲರಿಗಿಂತ ಮೊದಲು ಕೊಳ್ಳಬೇಕಾದ ವಸ್ತು. ಬೆಲೆ ಕಡಿಮೆ, ಜೀವ ಉಳಿಸುತ್ತದೆ.

ಭಾರದ ವಿಷಯ ಯಾರೂ ಯೋಚಿಸುವುದಿಲ್ಲ. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನ ಒಳ ಅಳತೆ ಸುಮಾರು 127 ಲೀಟರ್. ನೀರು, ಮರಳು, ಕಲ್ಲು, ಗಾಜು, ಸ್ಟ್ಯಾಂಡು ಎಲ್ಲ ಸೇರಿ 190 ಕಿಲೋ ಹತ್ತಿರ. ಇಬ್ಬರು ಮೂವರು ದಪ್ಪನೆಯ ಮಾವಂದಿರು ಹಗಲೂ ರಾತ್ರಿ ಒಂದೇ ಜಾಗದಲ್ಲಿ ಕದಲದೆ ನಿಂತ ಹಾಗೆ. ಹೊಸ ಟವರಿನಲ್ಲಿ ಗೋಡೆಗೆ ಒತ್ತಿ, ತೊಲೆಯ ಮೇಲೆ ಬರುವಂತೆ ಇಟ್ಟರೆ ಚಿಂತೆ ಇಲ್ಲ. ಆದರೆ ಡೊಂಬಿವಲಿಯ ಹಳೆ ಚಾಳು, ಪ್ಲಾಸ್ಟರ್ ಉದುರುವ ನಲವತ್ತು ವರ್ಷದ ಬಿಲ್ಡಿಂಗು, ಹೊರಕ್ಕೆ ಚಾಚಿದ ಬಾಲ್ಕನಿ, ಇಲ್ಲೆಲ್ಲ ದಯವಿಟ್ಟು ಬೇಡ. ಕೆಳಗಿನ ಮನೆಯವರ ತಲೆಯ ಮೇಲೆ ನಮ್ಮ ಸಮುದ್ರ ಬೀಳಬಾರದಲ್ಲ.

ಇಷ್ಟೆಲ್ಲ ಕಷ್ಟದ ಮಾತು. ಇದನ್ನು ಕಲಿಯಬಹುದು, ದುಡ್ಡು ತಾಳ್ಮೆ ಇದ್ದರೆ ಯಾರೂ ಮಾಡಬಹುದು. ನಿಜವಾಗಿ ನಾನು ಹೇಳಬೇಕೆಂದುಕೊಂಡದ್ದು ಮುಂದಿನದು.

ಟ್ಯಾಂಗ್ ಸತ್ತು ಒಂದು ವರ್ಷವಾಗಿ, ನೀರು ಕುದುರಿ, ನನಗೂ ಸ್ವಲ್ಪ ಬುದ್ಧಿ ಬಂದು, ಈಗ ಹವಳ ಇಡಬಹುದು ಅಂತ ಒಂದು ಅಂಗಡಿಗೆ ಹೋದೆ. ಹೆಸರು ಬೇಡ. ಒಳಗಿನ ಕೋಣೆಯಲ್ಲಿ ನೀಲಿ ಬೆಳಕಿನ ಕೆಳಗೆ ಸಾಲಾಗಿ ಹವಳದ ತುಂಡುಗಳು. ಹಸಿರು, ಕಿತ್ತಳೆ, ನೇರಳೆ. ಕಣ್ಣು ಕುಕ್ಕುತ್ತಿತ್ತು. ರೆಂಬೆ ರೆಂಬೆಯಾಗಿದ್ದ ಒಂದನ್ನು ಆರಿಸಿದೆ, ಚೌಕಾಸಿಯೂ ಆಯಿತು. ಬಿಲ್ ಕೇಳಿದೆ. ಅವನು ನಕ್ಕು, "ಕಾಕಾ, ಇಸ್ಕಾ ಬಿಲ್ ನಹೀ ಹೋತಾ" ಅಂದ. ಇಪ್ಪತ್ತು ರೂಪಾಯಿಯ ಮೀನಿನ ಆಹಾರಕ್ಕೂ ಬಿಲ್ ಕೊಡುವ ಅಂಗಡಿಯಲ್ಲಿ ಸಾವಿರ ರೂಪಾಯಿಯ ಹವಳಕ್ಕೆ ಯಾಕೆ ಬಿಲ್ ಇಲ್ಲ? ನೂರು ಸಲ ಕೈಯಲ್ಲಿ ಆಡಿಸಿದ ಪಾಕೀಟನ್ನು ಜೇಬಿಗಿಟ್ಟು ಬಂದೆ. ಮನೆಗೆ ಬಂದು ಓದಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿ ನಿಮಗೆ ಗೊತ್ತು: ಹುಲಿ, ಆನೆ ಇರುವ ಪಟ್ಟಿ. 2001ರ ಜುಲೈನಲ್ಲಿ ಅದೇ ಪಟ್ಟಿಗೆ ಬಂಡೆ ಕಟ್ಟುವ ಗಟ್ಟಿ ಹವಳಗಳನ್ನೆಲ್ಲ ಸೇರಿಸಿದರು. ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆ ಕೂಡ ಸೇರಿದವು. 2022ರ ತಿದ್ದುಪಡಿಯ ನಂತರವೂ ಗಟ್ಟಿ ಹವಳ ಮೊದಲನೇ ಅನುಸೂಚಿಯಲ್ಲೇ ಇದೆ. ಶಿಕ್ಷೆ ಮೂರರಿಂದ ಏಳು ವರ್ಷ ಜೈಲು, ಮೇಲೆ ಕಡಿಮೆಯೆಂದರೆ 25,000 ರೂಪಾಯಿ ದಂಡ. ಜೀವಂತ ಹವಳಕ್ಕೆ ಮಾತ್ರ ಅಲ್ಲ, ಸತ್ತ ಅಸ್ಥಿಗೂ ಅದೇ ಕಾನೂನು. ಅಂದರೆ ಟ್ಯಾಂಕಿನಲ್ಲಿ ಇಡಲು ಮಾರುವ "ಲೈವ್ ರಾಕ್" ನಮ್ಮ ಕಿನಾರೆಯಿಂದ ಒಡೆದು ತಂದ ಹವಳದ ಕಲ್ಲಾಗಿದ್ದರೆ ಅದೂ ಸೇರಿತು.

"ಇದು ಇಂಡೋನೇಷ್ಯಾ ಮಾಲು, ಫುಲ್ ಲೀಗಲ್" ಅನ್ನುವವರಿದ್ದಾರೆ. ಗಟ್ಟಿ ಹವಳಗಳೆಲ್ಲ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿವೆ. ಕಳಿಸುವ ದೇಶದ ಪರವಾನಗಿ ಇಲ್ಲದೆ ಬರುವಂತಿಲ್ಲ. ಸೈಟಿಸ್ ಪಟ್ಟಿಯ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಣಿ ಮಾಡಿಸಬೇಕೆಂದು 2024ರ ಫೆಬ್ರವರಿಯಲ್ಲಿ ನಿಯಮವೂ ಬಂದಿದೆ. ಲೀಗಲ್ ಆಗಿದ್ದರೆ ಕಾಗದ ಇರಲೇಬೇಕು. ಕಾಗದ ಇಲ್ಲದ್ದು ಲೀಗಲ್ ಅಲ್ಲ. ಇಷ್ಟು ಸರಳ.

ಇನ್ನೊಂದು ಹೋಲಿಕೆ ಕೊಡುತ್ತೇನೆ. ಮುಂಬಯಿಯ ಕೋಸ್ಟಲ್ ರೋಡ್ ಕಟ್ಟುವಾಗ ಹಾಜಿ ಅಲಿ, ವರ್ಲಿ ದಡದ ಕಲ್ಲುಗಳ ಮೇಲೆ ಹವಳ ಇರುವುದು ಕಂಡುಬಂತು. (ಹೌದು, ಮುಂಬಯಿಯ ಆ ಕೊಳಕು ನೀರಿನಲ್ಲೂ ಹವಳ ಬದುಕಿದೆ! ನಾವು ದಿನಾ ನೋಡುವ ಸಮುದ್ರ ನಮಗೆ ಎಷ್ಟು ಗೊತ್ತು ನೋಡಿ.) ಅಲ್ಲಿನ 18 ಹವಳದ ಗುಂಪುಗಳನ್ನು ಎತ್ತಿ ಬೇರೆ ಕಡೆ ಇಡಲು ಮಹಾನಗರಪಾಲಿಕೆಯಂಥ ಮಹಾನಗರಪಾಲಿಕೆಯೂ ಅರಣ್ಯ ಇಲಾಖೆಯ ಅನುಮತಿ ಪಡೆದು, ವಿಜ್ಞಾನಿಗಳ ನೆರವು ತಗೊಂಡು, 2020ರಲ್ಲಿ ಆ ಕೆಲಸ ಮಾಡಬೇಕಾಯಿತು. ಅದೇ ಜಾತಿಯ ಜೀವವನ್ನು ನಾವು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಸ್ಲೋ ಲೋಕಲ್ಲಿನಲ್ಲಿ ಕೂತು ಮನೆಗೆ ತರುತ್ತೇವೆ. "ಅರೇ, ಒಂದು ತುಂಡಿಗೆ ಏನಾಗುತ್ತದೆ" ಅಂತ.

ಒಂದು ತುಂಡಿಗೆ ಏನಾಗುತ್ತದೆ ಅನ್ನುವುದಕ್ಕೆ ಇತಿಹಾಸದಲ್ಲಿ ಉತ್ತರ ಇದೆ. ಇಂಗ್ಲೆಂಡಿನಲ್ಲಿ ಫಿಲಿಪ್ ಹೆನ್ರಿ ಗಾಸ್ ಅನ್ನುವ ನಿಸರ್ಗ ವಿಜ್ಞಾನಿ 1854ರಲ್ಲಿ ಮನೆಯಲ್ಲಿ ಸಮುದ್ರ ಜೀವಿಗಳನ್ನು ಸಾಕುವ ಬಗ್ಗೆ ಒಂದು ಪುಸ್ತಕ ಬರೆದರು. 'ಅಕ್ವೇರಿಯಂ' ಅನ್ನುವ ಪದ ಮನೆಮಾತಾದದ್ದೇ ಆಗ. ಗಾಸ್ ತುಂಬ ಭಕ್ತಿಯಿಂದ, ಪ್ರೀತಿಯಿಂದ ಬರೆದವರು. ಜನ ಮುಗಿಬಿದ್ದರು. ಬುಟ್ಟಿ, ಸುತ್ತಿಗೆ, ಉಳಿ ಹಿಡಿದು ರೈಲಿನಲ್ಲಿ ದಡಕ್ಕೆ ಬಂದು ಕಲ್ಲುಗುಂಡಿಗಳಲ್ಲಿದ್ದದ್ದನ್ನೆಲ್ಲ ಕೆತ್ತಿಕೊಂಡು ಹೋದರು. ಹತ್ತಾರು ವರ್ಷಗಳ ನಂತರ, 1907ರಲ್ಲಿ, ಅವರ ಮಗ ಎಡ್ಮಂಡ್ ಗಾಸ್ ತಂದೆಯ ಬಗ್ಗೆ ಬರೆದ ಪುಸ್ತಕದಲ್ಲಿ ಆ ದಡಗಳು ಬರಿದಾದದ್ದನ್ನೂ, ಅದಕ್ಕೆ ಕಾರಣವಾದೆನಲ್ಲ ಎಂಬ ತಂದೆಯ ನೋವನ್ನೂ ದಾಖಲಿಸಿದ್ದಾರೆ. ಕೆಟ್ಟವರು ಹಾಳು ಮಾಡಿದ್ದಲ್ಲ ಅದು. ಇಷ್ಟಪಟ್ಟವರೇ ಮಾಡಿದ್ದು. ನನ್ನನ್ನು ತಟ್ಟಿದ್ದು ಅದೇ.

ಹಾಗಾದರೆ ಉಪ್ಪು ನೀರಿನ ಟ್ಯಾಂಕೇ ಬೇಡ ಅನ್ನುತ್ತೀರಾ ಅಂತ ಕೇಳಬಹುದು. ಹಾಗೆ ಅನ್ನುವವರೂ ಇದ್ದಾರೆ. 2017ರಲ್ಲಿ ಕೇಂದ್ರ ಸರಕಾರವೇ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ತಂದು, ಕ್ಲೌನ್ ಫಿಶ್ ಸೇರಿದಂತೆ 158 ಜಾತಿಯ ಮೀನುಗಳನ್ನು ಮಾರಬಾರದು ಅಂದಿತ್ತು. ಗಲಾಟೆಯಾಗಿ ಕೆಲವೇ ತಿಂಗಳಲ್ಲಿ ವಾಪಸ್ ತಗೊಂಡಿತು. ನನ್ನ ಅಭಿಪ್ರಾಯ ಕೇಳಿದರೆ ಪೂರ್ತಿ ಬೇಡ ಅನ್ನುವುದೂ ತಪ್ಪು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಸಮುದ್ರ ಅಂದರೆ ಮುಂಬ್ರಾ ದಾಟುವಾಗ ರೈಲಿನ ಕಿಟಕಿಯಲ್ಲಿ ಬರುವ ವಾಸನೆ. ಒಂದು ಜೊತೆ ಕ್ಲೌನ್ ಮೀನು ವರ್ಷಗಟ್ಟಲೆ ಮನೆಯಲ್ಲಿ ಬದುಕುವುದನ್ನು ನೋಡಿದ ಮಗು ಸಮುದ್ರಕ್ಕೆ ಪ್ಲಾಸ್ಟಿಕ್ ಎಸೆಯುವಾಗ ಒಂದು ಸಲ ಯೋಚಿಸಬಹುದು. ಆದರೆ ಅದು ಬದುಕಬೇಕು. ಸಾಯುತ್ತಲೇ ಇದ್ದರೆ ಮಗು ಕಲಿಯುವುದು ಸತ್ತರೆ ಇನ್ನೊಂದು ತರಬಹುದು ಅನ್ನುವ ಪಾಠ ಮಾತ್ರ.

ಹಾಗಾಗಿ ಮೊದಲ ಟ್ಯಾಂಕಿಗೆ ನನ್ನ ಸಲಹೆ ಇಷ್ಟೇ. ಕಲ್ಲು ಸಮುದ್ರದ್ದು ಬೇಡ, ಕಾರ್ಖಾನೆಯಲ್ಲಿ ಮಾಡಿದ ಸೆರಾಮಿಕ್ ಅಥವಾ ಸಿಮೆಂಟಿನ ಕಲ್ಲು ಸಾಕು. ಬ್ಯಾಕ್ಟೀರಿಯಾಕ್ಕೆ ಭೇದವಿಲ್ಲ. ಮೀನು ಸಾಕಣೆ ಕೇಂದ್ರದಲ್ಲಿ ಹುಟ್ಟಿದ್ದೇ ಬೇಕು ಅಂತ ಹಟ ಹಿಡಿಯಿರಿ. ಕ್ಲೌನ್ ಮೀನನ್ನು ಮೊಟ್ಟೆಯಿಂದ ಬೆಳೆಸುವುದು ನಮ್ಮ ದೇಶದಲ್ಲೇ ನಡೆಯುತ್ತಿದೆ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಎಷ್ಟೋ ವರ್ಷದ ಹಿಂದೆಯೇ ಅದನ್ನು ಸಾಧಿಸಿದ್ದಾರೆ. ನಮ್ಮ ಪಕ್ಕದ ಐರೋಲಿಯಲ್ಲಿ, ಫ್ಲೆಮಿಂಗೊ ನೋಡಲು ದೋಣಿ ಹತ್ತುತ್ತೇವಲ್ಲ ಆ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರದಲ್ಲೇ, ಮಹಾರಾಷ್ಟ್ರದ ಮ್ಯಾಂಗ್ರೂವ್ ಫೌಂಡೇಶನ್ ಮತ್ತು ರಾಷ್ಟ್ರೀಯ ಮೀನು ಅನುವಂಶಿಕ ಸಂಪನ್ಮೂಲ ಬ್ಯೂರೋ ಸೇರಿ ಸಮುದ್ರದ ಅಲಂಕಾರಿಕ ಮೀನುಗಳ ಮರಿಕೇಂದ್ರ ಮಾಡಿದ್ದಾರೆ. ಇದು ಎಷ್ಟು ಮಂದಿಗೆ ಗೊತ್ತು? ಹಾಗೆ ಹುಟ್ಟಿದ ಮೀನು ಟ್ಯಾಂಕಿಗೇ ಹೊಂದಿಕೊಂಡಿರುತ್ತದೆ, ತಿನ್ನಲು ಸತಾಯಿಸುವುದಿಲ್ಲ. ಅದಕ್ಕೆ ಆ ಹೂವಿನಂಥ ಅನಿಮೋನ್ ಕೂಡ ಬೇಕಾಗಿಲ್ಲ. ಸಿನಿಮಾದಲ್ಲಿ ತೋರಿಸಿದ್ದೆಲ್ಲ ಕಡ್ಡಾಯವಲ್ಲ. (ಸಿನಿಮಾದಲ್ಲಿ ತೋರಿಸದೆ ಬಿಟ್ಟದ್ದೂ ಒಂದಿದೆ: ಜೋಡಿಯಲ್ಲಿ ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ. ನೀಮೋನ ಅಪ್ಪ ಅಮ್ಮನಾಗಬೇಕಿತ್ತು!)

ಹಸಿರು ಬೇಕೆನಿಸಿದರೆ ಸಮುದ್ರದ ಪಾಚಿಗಳನ್ನು ಬೆಳೆಸಿ. ಗಾಳಿಗೆ ಗದ್ದೆ ತೂಗಿದ ಹಾಗೆ ತೂಗುತ್ತವೆ, ನೈಟ್ರೇಟನ್ನೂ ಹೀರುತ್ತವೆ. ಒಂದು ವರ್ಷ ಆದ ಮೇಲೂ ಆಸೆ ತಣಿಯದಿದ್ದರೆ ಮಶ್ರೂಮ್‌ನಂಥ ಮೆದು ಜಾತಿಗಳ ಬಗ್ಗೆ ಯೋಚಿಸಬಹುದು, ಇನ್ನೊಬ್ಬ ಹವ್ಯಾಸಿಯ ಟ್ಯಾಂಕಿನಲ್ಲೇ ಕವಲೊಡೆದದ್ದು ಸಿಕ್ಕಿದರೆ ಮಾತ್ರ. ಝೋವಾಂಥಿಡ್ ಅನ್ನುವ ಗುಂಡಿಯಂಥ ಜಾತಿಯ ಬಗ್ಗೆ ಎಚ್ಚರ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಅವು ಅಂಟಿದ ಕಲ್ಲನ್ನು ಸ್ವಚ್ಛ ಮಾಡಲೆಂದು ಬಿಸಿ ನೀರಿನಲ್ಲಿ ಕುದಿಸಿ, ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ಹೊರದೇಶಗಳಲ್ಲಿ ಆಗಿವೆ. ಮತ್ತೆ, ಬೇಸರ ಬಂತು ಅಂತ ಯಾವುದನ್ನೂ ಖಾಡಿಗೆ, ತಲಾವಿಗೆ ಬಿಡಬೇಡಿ. ಅಮೆರಿಕದ ಅಟ್ಲಾಂಟಿಕ್ ದಡದ ತುಂಬ ಈಗ ತುಂಬಿಕೊಂಡಿರುವ ಲಯನ್ ಫಿಶ್ ಹೀಗೆ ಯಾರದೋ ಟ್ಯಾಂಕಿನಿಂದ ಹೋದದ್ದು ಅಂತಾರೆ.

ಹವಳ ನೋಡಲೇಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ, ಚಿಲ್ಲರಿನ ದುಡ್ಡಿಗಿಂತ ಕಮ್ಮಿಯಲ್ಲಿ. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ ದ್ವೀಪ. ನಮ್ಮ ಕರ್ನಾಟಕದ್ದೇ ಹವಳದ ತಾಣ. ಮಹಾರಾಷ್ಟ್ರದಲ್ಲಿ ಮಾಲ್ವಣ ಇದೆ, 1987ರಲ್ಲೇ ಸಾಗರ ಅಭಯಾರಣ್ಯ ಅಂತ ಘೋಷಿಸಿದ್ದು. ಊರಿಗೆ ಹೋಗುವ ದಾರಿಯಲ್ಲೇ ಇವೆ. ನಾನು ಹುಟ್ಟಿದ್ದು ನೇತ್ರಾಣಿಯಿಂದ ಕೂಗಳತೆಯ ದೂರದಲ್ಲಿ ಅಂದರೂ ನಡೆಯುತ್ತದೆ. ಅಲ್ಲಿ ಹವಳ ಇದೆ ಅಂತ ಗೊತ್ತಾದದ್ದು ಮಾತ್ರ ಡೊಂಬಿವಲಿಯಲ್ಲಿ, ಗಾಜಿನ ಪೆಟ್ಟಿಗೆಯ ಮುಂದೆ ಕೂತಾಗ. ಕಳೆದ ಡಿಸೆಂಬರಿನಲ್ಲಿ ಮಗಳ ಜೊತೆ ಹೋಗಿ ಬಂದೆ. ನೀರಿನೊಳಗೆ ಮುಖ ಇಟ್ಟು ನೋಡಿದವಳು ಮೇಲೆ ಬಂದು, "ಅಪ್ಪಾ, ಅವತ್ತು ಡೋರಿಯನ್ನು ವಾಪಸ್ ಕೊಟ್ಟಿರಲಿಲ್ಲ ಅಲ್ವಾ?" ಅಂದಳು. ಇಲ್ಲ ಅಂದೆ. ಅಷ್ಟು ವರ್ಷ ಆಗಿತ್ತು, ಹೇಳಿದ ಮೇಲೆ ಹಗುರಾಯಿತು.

ಮೊನ್ನೆ ಗೃಹಪ್ರವೇಶಕ್ಕೆ ಕಲ್ಯಾಣಕ್ಕೆ ಹೋಗಿದ್ದೆ. ಊಟ ಚೆನ್ನಾಗಿತ್ತು, ಪಾಯಸ ಎರಡು ಸಲ ಹಾಕಿಸಿಕೊಂಡೆ. ಹಾಲಿನ ಮೂಲೆಯಲ್ಲಿ, ತೊಲೆಯ ಪಕ್ಕದಲ್ಲೇ, ಎರಡಡಿಯ ಟ್ಯಾಂಕು. ಒಳಗೆ ನೀರು, ಬಿಳಿ ಮರಳು, ನಾಲ್ಕು ಕಲ್ಲು. ಮೀನಿಲ್ಲ. ಬಂದವರೆಲ್ಲ ಬಗ್ಗಿ ಬಗ್ಗಿ ಹುಡುಕಿ, "ಮೀನೆಲ್ಲಿ?" ಅಂತ ಕೇಳುತ್ತಿದ್ದರು. ಹುಡುಗ ನನ್ನ ಕಡೆ ಕೈ ತೋರಿಸಿ, "ಅವರನ್ನೇ ಕೇಳಿ" ಅನ್ನುತ್ತಿದ್ದ. ನಾನು ಪ್ರತಿಯೊಬ್ಬರಿಗೂ ಮೊಸರಿನ ಕತೆ ಹೇಳಿ ಹೇಳಿ ಸುಸ್ತಾದೆ.

ಹೊರಡುವಾಗ ಅವನು ಮೆಲ್ಲಗೆ, "ಇವತ್ತು ಬೆಳಿಗ್ಗೆ ನೈಟ್ರೈಟ್ ಕಾಣಿಸಿತು ಮಾವ" ಅಂದ. ಪರವಾಗಿಲ್ಲ, ಹೆಪ್ಪು ಹಿಡಿಯುತ್ತಿದೆ.